ತರ್ಜುಮೆಗಾರನ ಮಾತು ಹೋದಾಗ

ನನಗೆ ಲಕ್ವಾ ಹೊಡೆದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಇದನ್ನು ಹೇಳಿದರೆ ಕೇಳಿದವರು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ನಡೆದದ್ದು ಹಾಗೆಯೇ. ತಟ್ಟಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ತಟ್ಟುತ್ತಿದ್ದೆ.

ನನ್ನ ಹೆಸರು ಪ್ರಭುದಾಸ. ಮನೆ ನಾರಾಯಣಖೇಡದಲ್ಲಿ, ಕೆಲಸ ಸರ್ಕಾರಿ ಬಸ್ಸಿನ ಕಂಡಕ್ಟರನದು. ಜಹೀರಾಬಾದ್, ಕಂಗ್ಟಿ, ಬೀದರ್ ಕಡೆಯ ರಸ್ತೆಗಳ ಮೇಲೇ ನನ್ನ ವಯಸ್ಸು ಕಳೆದಿದೆ. ನಮ್ಮ ಬಸ್ಸಿನಲ್ಲಿ ಒಬ್ಬರು ತೆಲುಗಿನಲ್ಲಿ ಸೀಟು ಕೇಳುತ್ತಾರೆ, ಇನ್ನೊಬ್ಬರು ಕನ್ನಡದಲ್ಲಿ ಬೈಯುತ್ತಾರೆ, ಮತ್ತೊಬ್ಬರು ಉರ್ದುವಿನಲ್ಲಿ ಇಬ್ಬರನ್ನೂ ಸಮಾಧಾನ ಮಾಡುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಕಲಿತ ನನಗೆ ಈ ಮೂರರ ನಡುವೆ ಗೋಡೆ ಇದೆ ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಅದರಿಂದಲೇ ನಮ್ಮ ಚರ್ಚಿನ ಸಭೆಯಲ್ಲಿ ನನಗೊಂದು ಕೆಲಸ ಸಿಕ್ಕಿತು. ನಾವು ಪಾಸ್ಟರನ್ನು ಅಯ್ಯಗಾರು ಎನ್ನುತ್ತೇವೆ. ನಮಗೆ ಬರುವ ಅಯ್ಯಗಾರುಗಳೆಲ್ಲ ಹೆಚ್ಚಾಗಿ ತೆಲುಗಿನವರು, ಕೂರುವ ಜನ ಹೆಚ್ಚಾಗಿ ಮನೆಯಲ್ಲಿ ಕನ್ನಡ ಆಡುವವರು. ಹಾಗಾಗಿ ಅಯ್ಯಗಾರು ಒಂದು ಮಾತು ಹೇಳಿ ನಿಲ್ಲುತ್ತಾರೆ, ಪಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ನಿಂತವನು ಅದನ್ನು ಕನ್ನಡದಲ್ಲಿ ಹೇಳುತ್ತಾನೆ. ನಾನಿನ್ನೂ ಹುಡುಗನಾಗಿದ್ದಾಗ ಒಂದು ಭಾನುವಾರ ತರ್ಜುಮೆ ಮಾಡುವವರು ಬಸ್ಸು ತಪ್ಪಿಸಿಕೊಂಡರು. ಯಾರೋ ನನ್ನನ್ನು ಹಿಂದಿನಿಂದ ದೂಡಿದರು. ನಾನು ಎದ್ದು ನಿಂತವನು ಮೂವತ್ತು ವರ್ಷ ಕೂರಲೇ ಇಲ್ಲ.

ಅಂದಿನ ಹಿರಿಯ ಅಯ್ಯಗಾರು ನನಗೆ ಹೇಳಿದ ಒಂದು ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಇದು ನಿನಗೆ ದೇವರು ಕೊಟ್ಟ ವರ, ಆದರೆ ನಿನ್ನದಲ್ಲ, ನೀನು ಬರೀ ಮನೆವಾರ್ತೆಯವನು ಎಂದರು. ಮನೆವಾರ್ತೆಯವನು ಎಂದರೆ ಒಡೆಯನ ಸಾಮಾನು ನೋಡಿಕೊಳ್ಳುವ ಆಳು. ಕೀಲಿಕೈ ಅವನ ಸೊಂಟದಲ್ಲಿರುತ್ತದೆ, ಮನೆ ಅವನದಲ್ಲ. ನನಗೆ ಈ ಮಾತು ಹಿಡಿಸಿತು. ಕಂಡಕ್ಟರನ ಚೀಲದ ಕಥೆಯೂ ಅದೇ ಅಲ್ಲವೇ.

ನಮ್ಮಲ್ಲಿ ಸುಗ್ಗಿ ಆರಾಧನೆ ಎಂದು ವರ್ಷಕ್ಕೊಮ್ಮೆ ನಡೆಯುತ್ತದೆ. ಹೊಸ ತೊಗರಿ, ಜೋಳ, ಹೆಸರು, ಕುಂಬಳಕಾಯಿ, ಕೋಳಿ, ಮೊಟ್ಟೆ, ಯಾರ ಮನೆಯಲ್ಲಿ ಏನು ಬಂತೋ ಅದನ್ನು ತಂದು ಮುಂದೆ ಇಡುತ್ತಾರೆ. ಹೊಲ ಇಲ್ಲದವರು ತಮ್ಮ ಕೆಲಸ ತರುತ್ತಾರೆ. ದರ್ಜಿ ಕತ್ತರಿ ತಂದಿಡುತ್ತಾನೆ, ಗೋಡೆ ಕಟ್ಟುವ ಗೌಂಡಿ ಕರಣೆ ತಂದಿಡುತ್ತಾನೆ, ಅಯ್ಯಗಾರು ಪ್ರಾರ್ಥನೆ ಮಾಡಿ ಅದನ್ನು ಅವರ ಕೈಗೇ ಕೊಡುತ್ತಾರೆ. ನಾನು ಮಾತ್ರ ಬರಿಗೈಯಲ್ಲಿ ಹೋಗಿ ನಿಲ್ಲುತ್ತಿದ್ದೆ. ನಾಲಿಗೆಯನ್ನು ತಾಟಿನಲ್ಲಿ ಇಡಲು ಬರುತ್ತದೆಯೇ. ಪ್ರತಿ ವರ್ಷ ಜನ ನಗುತ್ತಿದ್ದರು, ಪ್ರತಿ ವರ್ಷ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಆ ಭಾನುವಾರಕ್ಕೆ ಬರುತ್ತೇನೆ. ಅಯ್ಯಗಾರು ಅವತ್ತು ಜೋರಿನಲ್ಲಿದ್ದರು. ವಾಕ್ಯದ ಮೇಲೆ ವಾಕ್ಯ, ನಾನೂ ಹಿಂದೆಯೇ ಓಡುತ್ತಿದ್ದೆ. ಒಂದು ಮಾತನ್ನು ಎತ್ತಿಕೊಂಡು ಕನ್ನಡ ಮಾಡಿ ಹೇಳಿದೆ. ನನ್ನ ಕಿವಿಗೆ ಅದು ಚೊಕ್ಕ ಕನ್ನಡವೇ ಆಗಿತ್ತು. ಆದರೆ ಅಯ್ಯಗಾರು ಮುಂದಿನ ಮಾತು ಹೇಳದೆ ನನ್ನ ಮುಖವನ್ನೇ ನೋಡಿದರು. ನಾನು ಇನ್ನೊಂದು ಸಲ ಹೇಳಿದೆ. ಕೆಳಗೆ ಕೂತ ಹೆಂಗಸರಲ್ಲಿ ಒಬ್ಬರು ಕೈ ಮೇಲೆತ್ತಿ ಸ್ತೋತ್ರ ಎಂದರು. ಇನ್ನೊಬ್ಬರೂ ಹಾಗೇ ಎಂದರು. ನನ್ನ ಬಾಯಿಂದ ಬರುತ್ತಿದ್ದದ್ದು ಕನ್ನಡವಲ್ಲ, ತೆಲುಗಲ್ಲ, ಉರ್ದುವೂ ಅಲ್ಲ. ಯಾರೂ ಕೇಳದ ಒಂದು ಭಾಷೆ.

ನಮ್ಮ ಕಡೆ ದೇವರಾತ್ಮ ಬಂದರೆ ಮನುಷ್ಯ ಅನ್ಯಭಾಷೆ ಆಡುತ್ತಾನೆ ಎಂದು ನಂಬುತ್ತೇವೆ. ಇಷ್ಟು ವರ್ಷ ಊರಿನವರಿಗೆಲ್ಲ ತರ್ಜುಮೆ ಮಾಡಿದ ಮನುಷ್ಯನಿಗೆ ದೇವರು ಕೊನೆಗೂ ತನ್ನ ಭಾಷೆಯನ್ನೇ ಕೊಟ್ಟ ಎಂದು ಜನಕ್ಕೆ ಅನ್ನಿಸಿದ್ದರಲ್ಲಿ ತಪ್ಪೇನಿದೆ. ಚಪ್ಪಾಳೆ ಶುರುವಾಯಿತು. ಢೋಲಕ್ಕಿನವನು ತಾಳ ಹಿಡಿದ. ಅಯ್ಯಗಾರು ಕಣ್ಣು ಮುಚ್ಚಿ ಕೈ ಎತ್ತಿದರು. ನಾನು ಇನ್ನೂ ಬಿಡಿಸಿ ಹೇಳಲು ನೋಡುತ್ತಿದ್ದೆ, ಅವರು ಇನ್ನೂ ಜೋರಾಗಿ ಸ್ತೋತ್ರ ಹೇಳುತ್ತಿದ್ದರು.

ನನ್ನ ಹೆಂಡತಿ ಸುಗುಣಾ ಹೆಂಗಸರ ಕಡೆ ಮುಂದಿನ ಚಾಪೆಯಲ್ಲಿದ್ದಳು. ಅವಳು ಬೀದರ್ ಕಡೆಯವಳು, ಒರಟು ಮಾತಿನವಳು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವುದೇ ಕಡಿಮೆ. ಅದೇ ಒಳ್ಳೆಯದಾಯಿತು. ನನ್ನ ಬಲಗೈಯಿಂದ ಮೈಕು ಜಾರುವುದನ್ನು ಎಲ್ಲರೂ ಕಣ್ಣು ಮುಚ್ಚಿದ್ದಾಗ ಅವಳೊಬ್ಬಳು ನೋಡಿದಳು.

"ನಿಂದರ್ರಿ, ಬಂದ್ ಮಾಡ್ರಿ ಎಲ್ಲಾ," ಎಂದು ಕೂಗಿಕೊಂಡು ಬಂದಳು. "ಇದು ಆತ್ಮ ಅಲ್ರಿ. ಇವ್ರ ಬಾಯಿ ಸೊಟ್ಟ ಆಗ್ಯದ. ಗಾಡಿ ತರ್ರಿ ಯಾರರ."

ಯಾರದೋ ಜೀಪಿನ ಹಿಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ತಲೆ ಇಟ್ಟು ಜಹೀರಾಬಾದಿಗೆ ಹೋದೆ. ನಾನು ಸಾವಿರಾರು ಸಲ ಹೋದ ರಸ್ತೆ. ಕಣ್ಣು ಮುಚ್ಚಿದ್ದರೂ ಯಾವ ಸ್ಟಾಪು ಬಂತು ಎಂದು ತಿರುವಿನಿಂದಲೇ ಗೊತ್ತಾಗುತ್ತಿತ್ತು. ಅದರ ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಆಗ ಹೆದರಿಕೆಯಾಯಿತು. ಸಾಯುತ್ತೇನೆಂದಲ್ಲ. ಹೀಗೇ ಬದುಕಿದರೆ ಏನು ಗತಿ ಎಂದು.

ದವಾಖಾನೆಯ ಡಾಕ್ಟರು ತಲೆಯ ಫೋಟೋ ತೆಗೆಸಿ, ಎಡಗಡೆ ರಕ್ತ ಗಡ್ಡೆ ಕಟ್ಟಿದೆ, ಬೇಗ ಕರೆತಂದಿರಿ, ಜೀವಕ್ಕೇನೂ ಭಯವಿಲ್ಲ, ಮಾತು ಎಷ್ಟು ಬರುತ್ತದೆ ಎಂದು ಈಗ ಹೇಳಲಾಗುವುದಿಲ್ಲ ಎಂದರು. ಇದನ್ನೆಲ್ಲ ತೆಲುಗಿನಲ್ಲಿ ಹೇಳಿದರು. ಸುಗುಣಾ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ನೋಡಿದಳು, ನಾನು ಕನ್ನಡದಲ್ಲಿ ಹೇಳುತ್ತೇನೆ ಎಂದು. ಮರುಕ್ಷಣ ಅವಳಿಗೇ ಗೊತ್ತಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಜನರೆದುರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾರ್ಡಿನಲ್ಲಿ ಎರಡನೇ ದಿನ ನನಗೆ ಒಂದು ಸಂಗತಿ ಹೇಳಬೇಕಿತ್ತು. ಎಡಗೈಯಿಂದ ಕೆಳಗೆ ತೋರಿಸಿದೆ. ಕಾಲು ನೋಯುತ್ತದೆ ಎಂದುಕೊಂಡು ಸುಗುಣಾ ನನ್ನ ಕಾಲು ತಿಕ್ಕಿದಳು. ತಲೆ ಅಲ್ಲಾಡಿಸಿದೆ. ನರ್ಸಮ್ಮ ಬಂದು ಹೊದಿಕೆ ಸರಿಮಾಡಿದರು. ಮತ್ತೆ ತೋರಿಸಿದೆ. ಡಾಕ್ಟರು ಬಂದು ನನ್ನ ಪಾದಕ್ಕೆ ಪಿನ್ನಿನಿಂದ ಚುಚ್ಚಿ ನೋಡಿ ಏನೋ ಬರೆದುಕೊಂಡರು. ಸಾಯಂಕಾಲ ನಮ್ಮ ಮಗಳು ಗ್ರೇಸಿ ತಾಂಡೂರಿನಿಂದ ಬಂದಳು. ಅವಳು ಅಲ್ಲಿ ಶಾಲೆಯಲ್ಲಿ ಟೀಚರು, ಗಂಡನ ಮನೆಯೂ ಅಲ್ಲೇ. ಬಂದವಳೇ, "ಅಮ್ಮಾ, ನಿನ್ನ ಚಪ್ಪಲಿ ಎಲ್ಲವ?" ಎಂದಳು.

ನನಗೆ ಬೇಕಾಗಿದ್ದದ್ದು ಅದೇ. ಚರ್ಚಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಸುಗುಣಾ ಅಲ್ಲೇ ಮರೆತು ಬಂದಿದ್ದಳು. ಎರಡು ದಿನದಿಂದ ಆ ಫಿನಾಯಿಲಿನ ನೆಲದ ಮೇಲೆ, ಹೊರಗೆ ಔಷಧಿ ಅಂಗಡಿಯವರೆಗೆ ಬಿಸಿಲಿನ ಡಾಂಬರಿನ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದಳು. ಮಗಳು ಕೇಳಿದ ಕೂಡಲೇ ನಾನು ಮಂಚ ಬಡಿದು, ಲಕ್ವಾ ಹೊಡೆದ ಮೇಲೆ ಮೊದಲ ಸಲ ಎಲ್ಲರಿಗೂ ತಿಳಿಯುವ ಒಂದು ಮಾತು ಆಡಿದೆ. "ರೈಟ್, ರೈಟ್."

ಅಲ್ಲಿಂದ ಎಷ್ಟೋ ದಿನ ನನ್ನ ಬಾಯಿಗೆ ಬರುತ್ತಿದ್ದದ್ದು ಕಂಡಕ್ಟರನ ಎರಡೇ ಮಾತು. ಬಸ್ಸು ಬಿಡಲು ಹೇಳುವ ರೈಟ್, ನಿಲ್ಲಿಸಲು ಹೇಳುವ ಹೋಲ್ಡಾನ್. ಚಹಾ ಬೇಕೆಂದರೆ ರೈಟ್, ಸೂಜಿ ಕಂಡರೆ ಹೋಲ್ಡಾನ್. ನರ್ಸಮ್ಮಂದಿರು ನಗುತ್ತಿದ್ದರು, ಪಕ್ಕದ ಮಂಚದವರೂ ನಗುತ್ತಿದ್ದರು. ನಗು ನನಗೂ ಬರುತ್ತಿತ್ತು, ಅರ್ಧ ಬಾಯಿಯಲ್ಲಿ.

ಅಯ್ಯಗಾರು ಬಂದರು. ಪಾಪ, ತಲೆ ಬಗ್ಗಿಸಿಕೊಂಡು ಬಂದರು. ನಾನು ಬೀಳುತ್ತಿದ್ದಾಗ ತಾವು ಕೈ ಎತ್ತಿ ಸ್ತೋತ್ರ ಹೇಳಿಸಿದೆವಲ್ಲ ಎಂದು ಅವರಿಗೆ ಊಟ ಸೇರುತ್ತಿರಲಿಲ್ಲವಂತೆ. ಸುಗುಣಾ ಅವರಿಗೆ ಕುರ್ಚಿ ಕೊಟ್ಟು, "ಇರ್ಲಿ ಬಿಡ್ರಿ ಅಯ್ಯಗಾರು. ಮುಂದಿನ ಸಲ ಆತ್ಮ ಬಂತಂತ ಅನ್ನಾಕಿಂತ ಮೊದಲ ಮಾರಿ ಒಂದ್ಸಲ ನೋಡ್ರಿ, ಸಾಕು," ಎಂದಳು. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನ್ನನ್ನು ನೋಡಿದರು. ನಾನು ರೈಟ್ ಎಂದೆ. ಆಗ ನಕ್ಕರು. ಹೋಗುವಾಗ ಒಂದು ಕೀರ್ತನೆ ಎತ್ತಿಕೊಂಡರು, ಸುಗುಣಾ ಕನ್ನಡದಲ್ಲಿ ದನಿ ಸೇರಿಸಿದಳು. ಎರಡನೇ ಸಾಲಿಗೆ ನಾನೂ ಹಾಡುತ್ತಿದ್ದೆ, ಒಂದು ಅಕ್ಷರವೂ ತಪ್ಪದೆ. ಮಾತಾಡಲು ಬಾರದವನಿಗೆ ಹಾಡಲು ಹೇಗೆ ಬರುತ್ತದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ಹಾಡು ನಿಲ್ಲಿಸಿದರೆ ಮಾತೂ ನಿಲ್ಲುತ್ತದೆ ಎಂದು ಹೆದರಿ ನಾನು ಮೊದಲ ಸಾಲಿಗೇ ಮತ್ತೆ ಮತ್ತೆ ಹೋಗುತ್ತಿದ್ದೆ. ನಿಲ್ಲಿಸಿದೆ, ನಿಂತಿತು. ಆದರೂ ಆ ರಾತ್ರಿ ನನಗೆ ನಿದ್ದೆ ಬಂತು.

ಮಗಳು ನಮ್ಮಿಬ್ಬರನ್ನೂ ತಾಂಡೂರಿಗೆ ಕರೆದೊಯ್ದಳು. ಅಲ್ಲಿಗೆ ಹೈದರಾಬಾದಿನಿಂದ ವಾರಕ್ಕೊಮ್ಮೆ ಮಾತು ಕಲಿಸುವ ಮೇಡಂ ಬರುತ್ತಿದ್ದರು. ಬೆಂಚಿನ ಮೇಲೆ ಸಾಲಾಗಿ ನಮ್ಮಂಥವರು. ನಾನು ಮೊದಲ ದಿನ ಆ ಬೆಂಚು ನೋಡಿ ಅತ್ತುಬಿಟ್ಟೆ, ನನ್ನಂಥವರು ಇಷ್ಟೊಂದು ಜನ ಇದ್ದಾರೆಂದು ಗೊತ್ತಿರಲಿಲ್ಲ. ಅಳು ದುಃಖದ್ದೇ ಎಂದು ಹೇಳಲಾರೆ.

ಮೇಡಂ ಒಳ್ಳೆಯವರು, ಚಿಕ್ಕ ವಯಸ್ಸು, ತೆಲುಗು ಬಿಟ್ಟರೆ ಇಂಗ್ಲಿಷು. ಚಿತ್ರ ತೋರಿಸಿ ಹೆಸರು ಹೇಳಿಸುತ್ತಿದ್ದರು. ಕೊಡದ ಚಿತ್ರ ತೋರಿಸಿದರೆ ನನಗೆ ಕನ್ನಡದ್ದು ಬರುತ್ತಿತ್ತು, ಬಾಗಿಲಿಗೆ ಉರ್ದುವಿನ ದರ್ವಾಜಾ, ಬೆಕ್ಕಿಗೆ ತೆಲುಗಿನ ಪಿಲ್ಲಿ. ಇವರಿಗೆ ಗೊಂದಲ ಬಹಳ ಇದೆ ಎಂದು ಮೇಡಂ ಗ್ರೇಸಿಗೆ ಹೇಳಿದರು. ಗ್ರೇಸಿ ನಕ್ಕುಬಿಟ್ಟಳು. ಮೇಡಂ, ನಮ್ಮ ಮನೆಯಲ್ಲಿ ಚೆನ್ನಾಗಿರುವವರೂ ಹೀಗೇ ಮಾತಾಡುತ್ತೇವೆ ಎಂದಳು. ಆಮೇಲೆ ಮೇಡಂ ಯಾವ ಭಾಷೆಯಲ್ಲಿ ಹೇಳಿದರೂ ಸರಿ ಎಂದು ಒಪ್ಪಿಕೊಂಡರು. ಒಂದು ಬಾಗಿಲು ಮುಚ್ಚಿದ್ದರೆ ಇನ್ನೊಂದರಿಂದ ನುಗ್ಗುತ್ತೀರಿ, ನಿಮಗೆ ಬಾಗಿಲು ಜಾಸ್ತಿ ಎಂದು ನಕ್ಕರು. ನನಗೆ ಆ ದಿನ ಬೆನ್ನು ತಟ್ಟಿದ ಹಾಗಾಯಿತು.

ಆ ಬೆಂಚಿನ ಮೇಲೇ ಶರಣಪ್ಪಣ್ಣ ಸಿಕ್ಕ. ಕೊಡಂಗಲ್ಲಿನಲ್ಲಿ ತೊಗರಿ ವ್ಯಾಪಾರ ಮಾಡಿದ ದೊಡ್ಡ ಮನುಷ್ಯ, ಹಣೆಯ ತುಂಬ ವಿಭೂತಿ, ಪಕ್ಕದಲ್ಲಿ ಹೆಂಡತಿ ನೀಲಮ್ಮ. ಅವನಿಗೆ ನನಗಿಂತ ಜೋರಾಗಿ ಹೊಡೆದಿತ್ತು. ಉಳಿದಿದ್ದದ್ದು ಇದೆ ಎನ್ನುವ ಒಂದೇ ಮಾತು, "ಅದ." ಇಲ್ಲ ಎನ್ನಬೇಕಾದರೂ ಅದ, ಸಿಟ್ಟು ಬಂದರೂ ಅದ. ನನ್ನ ರೈಟು, ಅವನ ಅದ. ಇಬ್ಬರೂ ನಮ್ಮ ಸರದಿ ಬರುವವರೆಗೆ ಬಿಡುವಿಲ್ಲದೆ ಹರಟೆ ಹೊಡೆಯುತ್ತಿದ್ದೆವು. ಅವನು ಹೊರಗೆ ಹೋಗುವ ಲಾರಿಯತ್ತ ಕಣ್ಣು ಹಾಯಿಸಿ ಅದ ಎಂದರೆ, ಈ ಸಲ ತೊಗರಿ ಮಿಲ್ಲಿಗೆ ಚೆನ್ನಾಗಿ ಬರುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ನೀಲಮ್ಮನನ್ನು ನಾನು ವೈನಿ ಎನ್ನುತ್ತಿದ್ದೆ, ಅತ್ತಿಗೆ ಎಂದು. ವೈನಿ ಒಂದು ದಿನ ಸುಗುಣಾಗೆ, "ಇವ್ರಿಬ್ಬರು ಏನ್ ಮಾತಾಡ್ತಾರವಾ, ನನಗಂತೂ ಒಂದೂ ತಿಳೀವಲ್ದು," ಎಂದರು. "ನಮ್ಮ ಸುದ್ದೀನೇ ಇರಬೇಕ್ರಿ," ಎಂದಳು ಸುಗುಣಾ.

ತಿಂಗಳುಗಳು ಕಳೆದವು. ಒಂದೊಂದೇ ಮಾತು ಮರಳಿತು. ಕೈಗೆ ಬಲ ಬಂತು. ಬಸ್ಸಿನ ಕೆಲಸಕ್ಕೆ ಇನ್ನು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೆ ಅಷ್ಟು ತಾಗಲಿಲ್ಲ, ಡಿಪೋದವರು ಆಫೀಸಿನಲ್ಲಿ ಕೂರುವ ಕೆಲಸ ನೋಡೋಣ ಎಂದರು. ನನಗಿದ್ದ ಚಿಂತೆ ಒಂದೇ. ಮತ್ತೆ ಆ ಜಾಗದಲ್ಲಿ, ಅಯ್ಯಗಾರರ ಪಕ್ಕ, ಒಂದು ಹೆಜ್ಜೆ ಹಿಂದೆ, ನಾನು ನಿಲ್ಲುತ್ತೇನೆಯೇ ಇಲ್ಲವೇ.

ಸುಗ್ಗಿ ಆರಾಧನೆಯ ಹೊತ್ತಿಗೆ ನಾರಾಯಣಖೇಡಕ್ಕೆ ಬಂದೆವು. ಜನ ಬಾಗಿಲಲ್ಲೇ ಮುತ್ತಿಕೊಂಡು ವಂದನೆ ಹೇಳಿದರು, ಹೆಂಗಸರು ನನ್ನ ಸೊಟ್ಟ ಬಾಯಿ ಮುಟ್ಟಿ ಮುಟ್ಟಿ ನೋಡಿದರು. ಚಾಪೆಯ ಮೇಲೆ ಕೂತೆ. ಅಯ್ಯಗಾರು ತೆಲುಗಿನಲ್ಲಿ ಶುರು ಮಾಡಿದರು. ಒಂದು ಮಾತು, ಮುಂದಿನ ಮಾತು, ಅದರ ಮುಂದಿನದು. ನಡುವೆ ಯಾರೂ ಇಲ್ಲ. ನಾನು ಸುತ್ತ ನೋಡಿದೆ. ಕಂಗ್ಟಿ ಕಡೆಯ ಮುದುಕಿಯರು ತಲೆಯಾಡಿಸುತ್ತಿದ್ದರು, ನಗಬೇಕಾದಲ್ಲಿ ನಗುತ್ತಿದ್ದರು. ಎಲ್ಲರಿಗೂ ಎಲ್ಲವೂ ತಿಳಿಯುತ್ತಿತ್ತು. ಬಜಾರು ತೆಲುಗು, ಮೊಮ್ಮಕ್ಕಳ ಶಾಲೆ ತೆಲುಗು, ತಿಳಿಯದೆ ಹೇಗಿರುತ್ತದೆ. ನಾನಿಲ್ಲದ ಇಷ್ಟು ತಿಂಗಳಲ್ಲಿ ಯಾರಿಗೂ ಏನೂ ಕಮ್ಮಿಯಾಗಿರಲಿಲ್ಲ. ಅದು ನನಗೆ ಲಕ್ವಾಕ್ಕಿಂತ ಜೋರಾಗಿ ಹೊಡೆಯಿತು.

ಅಯ್ಯಗಾರು ನನ್ನನ್ನು ನೋಡಿ, ಕೊನೆಯ ಸ್ವಲ್ಪ ನೀವು ಮಾಡುತ್ತೀರಾ ಎಂದು ಮೈಕು ಚಾಚಿದರು. ಪ್ರೀತಿಯಿಂದಲೇ ಕೇಳಿದರು. ನಾನು ಎದ್ದೆ. ಮೊದಲ ವಾಕ್ಯ ಬಂತು, ನಿಧಾನವಾಗಿ, ಆದರೆ ಬಂತು. ಎರಡನೆಯದು ಅರ್ಧದಲ್ಲಿ ಸಿಕ್ಕಿಕೊಂಡಿತು. ಏನು ಹೇಳಬೇಕೆಂದು ನನಗೆ ಗೊತ್ತು, ಅದು ಗಂಟಲಿನ ಆಚೆಯೇ ನಿಂತಿದೆ, ಈಚೆ ಬರುತ್ತಿಲ್ಲ. ಜನ ಕಾದರು. ಯಾರೂ ನಗಲಿಲ್ಲ, ಒಬ್ಬಿಬ್ಬರು ತಲೆ ತಗ್ಗಿಸಿದರು. ಅವರು ನಕ್ಕಿದ್ದರೆ ಚೆನ್ನಾಗಿತ್ತು. ಮೈಕು ವಾಪಸು ಕೊಟ್ಟು ಬಂದು ಕೂತೆ. ಆಮೇಲೆ ಕಾಣಿಕೆ ಇಡುವ ಹೊತ್ತಿನಲ್ಲಿ ದರ್ಜಿ ಹೋದ, ಗೌಂಡಿ ಹೋದ. ನಾನು ಚಾಪೆ ಬಿಟ್ಟು ಏಳಲಿಲ್ಲ.

ಮನೆಗೆ ಬಂದು ಸುಗುಣಾ ಎದುರು ನನ್ನ ಸಂಕಟವೆಲ್ಲ ಕಕ್ಕಿದೆ. ನನ್ನ ಆಗಿನ ಮಾತು ಒಂದೊಂದು ಶಬ್ದಕ್ಕೆ ಒಂದೊಂದು ನಿಲುಗಡೆ ಇರುವ ಪ್ಯಾಸೆಂಜರ್ ಗಾಡಿ. "ಕೊಟ್ಟಾವ... ಅವನೇ... ಕಸ್ಕೊಂಡ. ನಾ... ಚಲೋ ನೋಡ್ಕೊಂಡಿದ್ದೆ... ಇಲ್ಲ?"

"ಹೌದ್ರಿ, ಚಲೋ ನೋಡ್ಕೊಂಡಿದ್ರಿ," ಎಂದಳು. "ಯಾರು ಅಲ್ಲ ಅಂತಾರ."

"ಮತ್ತ... ಯಾಕ?"

"ನನಗೇನ್ ಗೊತ್ತು. ಸಾಮಾನು ಅವಂದು. ಈ ಮೂಲ್ಯಾಗ ಬ್ಯಾಡ, ಆ ಮೂಲ್ಯಾಗ ಇಡು ಅಂದ್ರ ಇಡಬೇಕು. ನೀವು ಗುಳಿಗಿ ತಗೋರಿ."

ದೊಡ್ಡ ದೊಡ್ಡ ಪ್ರಸಂಗಗಳನ್ನು ನಾನು ತರ್ಜುಮೆ ಮಾಡಿದ್ದೇನೆ, ಆದರೆ ಇಷ್ಟು ಚಿಕ್ಕದಾಗಿ ಮುಗಿದದ್ದನ್ನು ಕೇಳಿರಲಿಲ್ಲ. ಒಪ್ಪಿಕೊಂಡೆ ಎಂದಲ್ಲ. ಗುಳಿಗೆ ನುಂಗಿ ಗೋಡೆ ಕಡೆ ತಿರುಗಿ ಮಲಗಿದೆ. ಬಹಳ ದಿನ ದೇವರ ಜೊತೆ ನಾನು ಸರಿಯಾಗಿ ಮಾತಾಡಲಿಲ್ಲ. ಮಾತಾಡಲು ಬರುತ್ತಿರಲಿಲ್ಲ ಎಂಬ ನೆವವೂ ಇತ್ತು.

ಇದನ್ನು ಓದುವವರ ಮನೆಯಲ್ಲಿ ಮಾತು ಹೋದವರು ಯಾರಾದರೂ ಇದ್ದರೆ ಅವರಿಗಾಗಿ ಮುಂದಿನದನ್ನು ಹೇಳುತ್ತೇನೆ. ಈಗ ನಾನು ವಾರದಲ್ಲಿ ಒಂದೆರಡು ದಿನ ಅಂಥ ಮನೆಗಳಿಗೆ ಹೋಗುತ್ತೇನೆ. ಜಹೀರಾಬಾದಿನಿಂದ ಕರೆಯುತ್ತಾರೆ, ಕಂಗ್ಟಿಯಿಂದ ಕರೆಯುತ್ತಾರೆ. ಯಾವ ದೇವರ ಮನೆಯೆಂದು ನಾನು ಕೇಳುವುದಿಲ್ಲ, ಅವರೂ ಕೇಳುವುದಿಲ್ಲ. ಮಾತು ಕಲಿಸಲು ನನಗೆ ಬರುವುದಿಲ್ಲ, ಅದು ಮೇಡಂ ಕೆಲಸ. ನಾನು ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ. ಮಾತು ಹೋದವನು ಏನು ಹೇಳುತ್ತಿದ್ದಾನೆ ಎಂದು ಮನೆಯವರಿಗೆ ಹೇಳುತ್ತೇನೆ. ಹತ್ತಕ್ಕೆ ನಾಲ್ಕು ಸಲ ತಪ್ಪುತ್ತೇನೆ, ಹಾಗೆ ನೋಡಿದರೆ ಅಯ್ಯಗಾರರ ಪಕ್ಕದಲ್ಲೂ ತಪ್ಪುತ್ತಿದ್ದೆ. ಇದು ಶುರುವಾದದ್ದು ಕೊಡಂಗಲ್ಲಿನಲ್ಲಿ.

ಆ ಸುಗ್ಗಿಯ ನಂತರ ಮೇಡಂಗೆ ತೋರಿಸಿಕೊಳ್ಳಲು ಮತ್ತೆ ತಾಂಡೂರಿಗೆ ಹೋಗಿ ಮಗಳ ಮನೆಯಲ್ಲಿದ್ದಾಗ ಸುಗುಣಾಗೆ ನೀಲಮ್ಮ ವೈನಿಯ ಫೋನು ಬಂತು. ಧ್ವನಿ ನನಗೂ ಕೇಳುತ್ತಿತ್ತು.

"ತಂಗೀ, ನಿಮ್ಮ ಮನಿಯವ್ರನ್ನ ಒಂದ್ಸಲ ಕರ್ಕೊಂಡ್ ಬರ್ರಿ. ಇವ್ರು ಉಣ್ಣಾಕ ಕುಂತಾಗೆಲ್ಲ ತಾಟು ದೂಡಾಕತ್ಯಾರ. ನಾ ಮಾಡಿದ್ದು ಸೇರವಲ್ದು. ಬ್ಯಾಳಿ ಮಾಡಿದೆ, ಪುಂಡಿಪಲ್ಯ ಮಾಡಿದೆ, ಸೊಸಿ ಕೈಲೆ ಮಾಡಿಸಿದೆ, ಎಲ್ಲಾ ದೂಡ್ತಾರ. ಸಿಟ್ಟಿಗೇಳ್ತಾರ. ಮೂವತ್ತೈದು ವರ್ಷ ನನ್ನ ಕೈ ಅಡಗಿ ಉಂಡ ಮನಷಾ ಈಗ..." ಮುಂದೆ ಅವರಿಗೆ ಹೇಳಲಾಗಲಿಲ್ಲ.

ನಾನು ಬರುವುದಿಲ್ಲ ಎಂದೆ. ನನ್ನ ಮಾತೇ ನನಗೆ ಸರಿಯಿಲ್ಲ, ನಾನು ಹೋಗಿ ಮಾಡುವುದೇನು. ಸುಗುಣಾ ಏನೂ ಹೇಳದೆ ನನ್ನ ಅಂಗಿಗೆ ಇಸ್ತ್ರಿ ಮಾಡಲು ಕೂತಳು. ಅವಳು ಏನೂ ಹೇಳದಿದ್ದರೆ ತೀರ್ಮಾನ ಆಗಿದೆ ಎಂದೇ ಅರ್ಥ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ಕಂಡಕ್ಟರ್ ನನ್ನ ಗುರುತು ಹಿಡಿದು ಮುಂದೆ ಸೀಟು ಕೊಟ್ಟ.

ಶರಣಪ್ಪಣ್ಣನ ಮನೆ ದೊಡ್ಡದು, ತುಂಬಿದ ಮನೆ. ಪಡಸಾಲೆಯಲ್ಲಿ ಅವನಿಗೆ ಮಂಚ ಹಾಕಿದ್ದರು. ನನ್ನನ್ನು ನೋಡಿ ಅದ, ಅದ, ಅದ ಎಂದು ಎದ್ದು ಕೂತ. ನಾನೂ ಕೈ ಹಿಡಿದು ರೈಟ್ ಎಂದೆ, ಈಗ ನನಗೆ ಬೇರೆ ಮಾತು ಬರುತ್ತಿದ್ದರೂ. ಹಾಗೆ ಅಂದದ್ದು ಅವನಿಗೆ ಖುಷಿಯಾಯಿತು.

ಮಧ್ಯಾಹ್ನ ಊಟಕ್ಕೆ ಹಾಕಿದರು. ಅವರ ಮನೆಯ ಪದ್ಧತಿ ನಮ್ಮ ಮನೆಯದೇ. ಗಂಡಸರಿಗೆ ಬಡಿಸಿ ಆಮೇಲೆ ಹೆಂಗಸರು ಒಳಗೆ ಉಣ್ಣುತ್ತಾರೆ. ವೈನಿ ಗಂಡನ ಮುಂದೆ ತಾಟು ಇಟ್ಟು, ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿ ಹೆದರಿಕೊಂಡು ನಿಂತರು. ಶರಣಪ್ಪಣ್ಣ ಒಂದು ತುತ್ತು ತಿಂದ. ಎರಡನೆಯದು ತಿನ್ನಲಿಲ್ಲ. ಎಡಗೈಯಿಂದ ತಾಟನ್ನು ಮುಂದಕ್ಕೆ ದೂಡಿ, "ಅದ," ಎಂದ.

"ನೋಡಿದ್ರ್ಯಾ?" ವೈನಿ ಕಣ್ಣು ಒರೆಸಿಕೊಂಡು ಒಳಗೆ ಓಡಿ ಇನ್ನೊಂದು ಪಲ್ಯ ತಂದರು. ಅವನು ಇನ್ನೂ ಜೋರಾಗಿ ದೂಡಿದ. ಮೊಸರು ಚೆಲ್ಲಿತು. ಮುಖ ಕೆಂಪಾಯಿತು. ಅದ, ಅದ, ಅದ. ಸೊಸೆ ಬಂದಳು, ಖಾರ ಹೆಚ್ಚಾಗಿರಬೇಕು ಎಂದಳು. ಮಗ ಬಂದ, ಬಿಸಿ ಇಲ್ಲವೇನೋ ಎಂದ. ಎಲ್ಲರೂ ತಾಟನ್ನೇ ನೋಡುತ್ತಿದ್ದರು.

ನಾನು ಅವನ ಕಣ್ಣು ನೋಡುತ್ತಿದ್ದೆ. ಮಾತು ಹೋದವನ ಕೈ ಒಂದು ಕಡೆ ತೋರಿಸುತ್ತದೆ, ಕಣ್ಣು ಇನ್ನೊಂದು ಕಡೆ ಹೋಗುತ್ತದೆ, ಎರಡನ್ನೂ ಸೇರಿಸಿದರೆ ಒಂದು ವಾಕ್ಯವಾಗುತ್ತದೆ. ನನಗೆ ಅದು ಗೊತ್ತು, ನಾನು ಅಲ್ಲಿದ್ದು ಬಂದವನು. ಅವನ ಕೈ ತಾಟಿನ ಮೇಲಿತ್ತು, ಕಣ್ಣು ಹೆಂಡತಿಯ ಮೇಲಿತ್ತು. ನಾನೂ ವೈನಿಯನ್ನು ಸರಿಯಾಗಿ ನೋಡಿದೆ. ಬೆಂಚಿನ ಮೇಲೆ ಕಂಡಿದ್ದ ಹೆಂಗಸಲ್ಲ ಇವರು. ಗಲ್ಲ ಒಳಗೆ ಹೋಗಿದ್ದವು, ಬಳೆ ಮೊಳಕೈವರೆಗೆ ಜಾರುತ್ತಿದ್ದವು.

"ಶರಣಪ್ಪಣ್ಣ," ಎಂದೆ, "ಅಡಗಿ... ಖರಾಬ್... ಏನು?"

ಅವನು ಜೋರಾಗಿ ತಲೆ ಅಲ್ಲಾಡಿಸಿದ. ಮುಖದ ತುಂಬ ಇಲ್ಲ ಎಂದೇ ಬರೆದಿತ್ತು.

"ವೈನಿ... ಸಲುವಾಗಿ?"

ಅವನ ಕೈ ತಾಟು ಬಿಟ್ಟು ನನ್ನ ಮಣಿಕಟ್ಟು ಹಿಡಿಯಿತು. ನೋಯುವ ಹಾಗೆ ಹಿಡಿಯಿತು.

ನನಗೆ ಗೊತ್ತಾಯಿತು. ಆ ಕ್ಷಣದಲ್ಲಿ ಎಷ್ಟೋ ತಿಂಗಳಿಂದ ಬಾರದ ಒಂದು ಸಂಗತಿ ನನ್ನ ಮೈಯಲ್ಲಿ ಬಂತು, ಒಂದು ಮಾತು ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೊರಗೆ ಹೋಗಲು ತಯಾರಾಗಿ ನಿಲ್ಲುವ ಆ ಹುರುಪು. ತರ್ಜುಮೆ ಮಾಡುವವನು ಅವರು ಹೀಗೆ ಹೇಳುತ್ತಿದ್ದಾರೆ ಎಂದು ಹೇಳುವುದಿಲ್ಲ. ಹೇಳಿದವನ ಮಾತನ್ನೇ ತನ್ನ ಮಾತಾಗಿ ಹೇಳುತ್ತಾನೆ. ನಾನು ಶರಣಪ್ಪಣ್ಣನ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಸರಿದು ಕೂತೆ. ಯಾವತ್ತೂ ವೈನಿ, ನೀವು ಎಂದು ಕರೆದ ಆ ಹೆಣ್ಣುಮಗಳನ್ನು ನೋಡಿ ಕೇಳಿದೆ. ಒಂದೂ ಶಬ್ದ ತಡೆಯಲಿಲ್ಲ.

"ನೀಲಾ, ನೀ ಉಂಡೀ?"

ನೀಲಮ್ಮನ ಕೈಯಲ್ಲಿ ಪಲ್ಯದ ಬಟ್ಟಲು ಹಾಗೇ ಇತ್ತು. ಅವರು ನನ್ನ ಕಡೆ ನೋಡಲೇ ಇಲ್ಲ. ಗಂಡನ ಮುಂದೆ ಮೆಲ್ಲಗೆ ನೆಲಕ್ಕೆ ಕೂತು, ಗಂಡನಿಗೇ ಉತ್ತರ ಕೊಟ್ಟರು.

"ಇಲ್ರಿ. ನೀವು ಬಿದ್ದಾಗಿನಿಂದ ನನಗ ಉಣ್ಣಾಕ ಆಗವಲ್ದು."

ಶರಣಪ್ಪಣ್ಣ ತಾಟನ್ನು ಇನ್ನೊಂದು ಸಲ ಅವರ ಕಡೆಗೆ ದೂಡಿ, "ಅದ," ಎಂದ. ಅವರು ರೊಟ್ಟಿ ಮುರಿದುಕೊಂಡರು. ಆ ಸಲ ನಾನು ಏನೂ ಹೇಳಬೇಕಾಗಲಿಲ್ಲ.